ತಾಗಬಾರದು ಎಂಬ ನಿಯಮದಿಂದ ಯಾರಿಗೆ ಲಾಭ?

ಶಾಲಾ ಮಕ್ಕಳ ರೋಬೋಟ್ ಸ್ಪರ್ಧೆಗೆ ‘ಒಂದು ರೋಬೋಟ್ ಇನ್ನೊಂದಕ್ಕೆ ತಾಗಿದರೆ ಫೌಲ್’ ಎಂದು ಒಂದೇ ಸಾಲು ಬರೆದು ಕೈತೊಳೆದುಕೊಳ್ಳುವ ಆಯೋಜಕರ ಮೇಲೆ ನನಗೆ ಸಿಟ್ಟಿದೆ. ಗುದ್ದಾಟ ಬೇಡ ಎಂಬ ಕಾಳಜಿ ಅವರದಿರಬಹುದು. ಆದರೆ ಆ ಸಾಲಿನ ರಕ್ಷಣೆ ಸಿಗುವುದು ಅಡ್ಡ ನಿಲ್ಲುವವನಿಗೆ.

ಕಳೆದ ವರ್ಷ ಕಾಸರಗೋಡಿನ ಬದಿಯಡ್ಕ ಕಡೆಯ ಒಂದು ಸ್ಪರ್ಧೆಯಲ್ಲಿ ಇದನ್ನು ಕಣ್ಣಾರೆ ಕಂಡೆ. ಪ್ಲೈವುಡ್ ಅಂಚಿನ ಕಣ, ನಡುವೆ ಚೆಂಡುಗಳು, ಎರಡೂ ತುದಿಯಲ್ಲಿ ಗೋಲು. ಒಂದು ತಂಡ ಬೇಗನೆ ಎರಡು ಚೆಂಡು ಹಾಕಿತು. ಆಮೇಲೆ ತನ್ನ ರೋಬೋಟನ್ನು ತನ್ನದೇ ಗೋಲಿನ ಬಾಯಿಗೆ ಅಡ್ಡ ತಂದು ನಿಲ್ಲಿಸಿತು. ಮೊಬೈಲಿನಿಂದ ಅದನ್ನು ಚಲಾಯಿಸುತ್ತಿದ್ದ ಹುಡುಗ ಆ ಮೊಬೈಲನ್ನು ಕಿಸೆಗೇ ಹಾಕಿಕೊಂಡ! ನನ್ನ ಅಕ್ಕನ ಮಗಳ ರೋಬೋಟ್ ಚೆಂಡು ತಳ್ಳಿಕೊಂಡು ಹೋಗಿ ತಾಗಿದಾಗಲೆಲ್ಲ ಫೌಲ್. “ನಿಂತವರಿಗೆ ಏನೂ ಇಲ್ಲವೇ ಮಾವ?” ಎಂದು ಅವಳು ಕೇಳಿದಳು. ತೀರ್ಪುಗಾರರು ನಿಯಮದಂತೆಯೇ ನಡೆದಿದ್ದರು. ನಿಯಮವೇ ಸರಿ ಇರಲಿಲ್ಲ.

ನಮ್ಮ ಕಾಸರಗೋಡಿನಲ್ಲಿ ಕಬಡ್ಡಿ ಗೊತ್ತಿಲ್ಲದವರು ಯಾರಿದ್ದಾರೆ? ಮೈಗೆ ಮೈ ತಾಗದೆ ಆ ಆಟವೇ ಇಲ್ಲ. ಹಾಗೆಂದು ರೈಡರನ ಬಾಯಿ ಮುಚ್ಚಿ ಹಿಡಿಯುವಂತಿಲ್ಲ, ಕಾಲಿನಿಂದ ಕತ್ತರಿ ಹಾಕುವಂತಿಲ್ಲ, ಬೇಕೆಂದೇ ಗೆರೆಯಾಚೆ ದೂಡುವಂತಿಲ್ಲ. ಯಾವ ಹಿಡಿತ ಸರಿ, ಯಾವುದು ತಪ್ಪು ಎಂದು ಬಿಡಿಸಿ ಬರೆದಿರುವುದರಿಂದಲೇ ಸೀಟಿ ಊದುವವನು ಪಂದ್ಯ ಮುಗಿದ ಮೇಲೆ ಮರ್ಯಾದೆಯಿಂದ ಮನೆಗೆ ಹೋಗುತ್ತಾನೆ. (ಊರಿನ ಪಂದ್ಯಗಳಲ್ಲಿ ಸೀಟಿ ಊದಿದವನ ಮಾತಿದು.)

ದೊಡ್ಡ ರೋಬೋಟ್ ಸ್ಪರ್ಧೆಗಳೂ ಹೀಗೆಯೇ ನಡೆಯುತ್ತವೆ. ಅಮೆರಿಕದಲ್ಲಿ 1992ರಲ್ಲಿ ಶುರುವಾದ ಫಸ್ಟ್ ರೋಬೋಟಿಕ್ಸ್ ಸ್ಪರ್ಧೆಯಲ್ಲಿ ಸುಮಾರು 50 ಕಿಲೋ ತೂಗುವ ಯಂತ್ರಗಳು ಓಡಾಡುತ್ತವೆ. ಅವುಗಳ ಸುತ್ತ ಬಂಪರ್ ಕಡ್ಡಾಯ: ಸಾಮಾನ್ಯವಾಗಿ ಪ್ಲೈವುಡ್ ಹಲಗೆ, ಅದಕ್ಕೆ ಈಜುಕೊಳದ ಫೋಮ್ ಕೊಳವೆ, ಮೇಲೆ ಕೆಂಪು ಅಥವಾ ನೀಲಿ ಬಟ್ಟೆಯ ಹೊದಿಕೆ. ಆಟದ ಭರದಲ್ಲಿ ಬಂಪರಿಗೆ ಬಂಪರ್ ಗುದ್ದಿದರೆ ಯಾರೂ ಹುಬ್ಬೇರಿಸುವುದಿಲ್ಲ. ಯಂತ್ರದ ಕೈ ಎದುರಾಳಿಯ ಚೌಕಟ್ಟಿನ ಒಳಗೆ ಹೊಕ್ಕರೆ, ಬೇಕೆಂದೇ ಮಗುಚಿ ಹಾಕಿದರೆ ದಂಡ. ಎದುರಾಳಿಯನ್ನು ಒತ್ತಿ ಹಿಡಿಯುವುದಕ್ಕೂ ಲೆಕ್ಕವಿದೆ. ಹಿಂದೆ 5 ಸೆಕೆಂಡು ಇದ್ದದ್ದು 2025ರಲ್ಲಿ 3ಕ್ಕೆ ಇಳಿಯಿತು. ಕೆಲವು ಜಾಗಗಳಂತೂ ರಕ್ಷಿತ ವಲಯ. ಅಲ್ಲಿ ಯಾರು ಮೊದಲು ತಾಗಿದರೂ ತಪ್ಪು ತಡೆಯಲು ಬಂದವನದೇ. ವೆಕ್ಸ್ ಎಂಬ ಇನ್ನೊಂದು ರೋಬೋಟ್ ಸ್ಪರ್ಧೆಯ ನಿಯಮ ಇನ್ನೂ ನೇರ: ಸಂಶಯ ಬಂದರೆ ಅದರ ಲಾಭ ಅಂಕ ಗಳಿಸಲು ಹೊರಟ ರೋಬೋಟಿಗೆ. ಇಷ್ಟು ಬರೆದಿಟ್ಟಿದ್ದರೆ ಬದಿಯಡ್ಕದ ಆ ಹುಡುಗ ಮೊಬೈಲನ್ನು ಕಿಸೆಯಿಂದ ಹೊರಗೆ ತೆಗೆಯಲೇಬೇಕಾಗುತ್ತಿತ್ತು.

ಸೆಕೆಂಡಿನ ಲೆಕ್ಕಕ್ಕೆ ಇನ್ನೊಂದು ಕಾರಣವೂ ಇದೆ. ಚಕ್ರ ತಿರುಗದಂತೆ ಅದುಮಿ ಹಿಡಿದಾಗಲೇ ಮೋಟರು ಅತಿ ಹೆಚ್ಚು ಕರೆಂಟ್ ಎಳೆಯುವುದು. ಮಕ್ಕಳ ರೋಬೋಟಿನ ಆ ಹಳದಿ ಗೇರ್ ಮೋಟರುಗಳು ಹೀಗೆ ಸಿಕ್ಕಿಹಾಕಿಕೊಂಡು ಗುಂಯ್‌ಗುಟ್ಟುತ್ತಿರುವಾಗ ಮೋಟರಿಗೆ ಕರೆಂಟ್ ಕೊಡುವ ಡ್ರೈವರ್ ಬೋರ್ಡಿನ ಕಪ್ಪು ಹೀಟ್ ಸಿಂಕ್ (ಬಿಸಿ ಹೊರಹಾಕುವ ಲೋಹದ ತುಂಡು) ಮುಟ್ಟಿ ನೋಡಿ, ಬೆರಳು ತಾನಾಗಿ ಹಿಂದೆ ಬರುತ್ತದೆ. ಅದಕ್ಕೇ ತೀರ್ಪುಗಾರರು ಕೈಯೆತ್ತಿ, ಆ ಸೆಕೆಂಡುಗಳನ್ನು ಎಲ್ಲರಿಗೂ ಕೇಳುವಂತೆ ಎಣಿಸಬೇಕು.

ಶಾಲೆಯ ಕಿಟ್ ಮುರಿದರೆ ಯಾರು ಕೊಡುತ್ತಾರೆ ಎಂದು ಟೀಚರುಗಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಹಳೆಯ ಹವಾಯಿ ಚಪ್ಪಲಿಯ ಅಟ್ಟೆ ಕತ್ತರಿಸಿ ಸುತ್ತಲೂ ಅಂಟಿಸಿದರೆ ಬಂಪರ್ ಆಯಿತು. ತಪಾಸಣೆಯಲ್ಲಿ ಅದಿಲ್ಲದ ರೋಬೋಟನ್ನು ಕಣಕ್ಕೆ ಇಳಿಸಬೇಡಿ.

ಇನ್ನು, ನಿಯಮದ ಹಾಳೆ ಕನ್ನಡದಲ್ಲೂ ಬರಲಿ. ಕೇರಳದಲ್ಲಿ ಹತ್ತನೇ ತರಗತಿಯವರಿಗೆ ರೋಬೋಟಿಕ್ಸ್ ಪಾಠ ಬಂದಾಗಿದೆ, ಐಸಿಟಿ (ಮಾಹಿತಿ ತಂತ್ರಜ್ಞಾನ) ಪುಸ್ತಕ ಕನ್ನಡದಲ್ಲೂ ಇದೆ. ಸ್ಪರ್ಧೆಯ ಹಾಳೆ ಮಾತ್ರ ಮಲಯಾಳದಲ್ಲಿ ಕೈಗೆ ಬಂದರೆ ಕನ್ನಡ ಮಾಧ್ಯಮದ ಮಕ್ಕಳು ಫೌಲ್ ಆದ ಮೇಲೆಯೇ ನಿಯಮ ಕಲಿಯಬೇಕು. ಕರಡು ನಾನೇ ಬರೆದು ಕೊಡುತ್ತೇನೆ. ಕುಂಬಳೆ, ಪೆರ್ಲ, ಮುಳ್ಳೇರಿಯದ ಶಿಕ್ಷಕರು ಬೇಕಾದಂತೆ ತಿದ್ದಲಿ. ಗೋಲಿನ ಬಾಯಲ್ಲಿ ಎಷ್ಟು ಹೊತ್ತು ನಿಲ್ಲಬಹುದು ಎಂಬ ಒಂದು ವಿಷಯದಲ್ಲಿ ಮಾತ್ರ ನಾನು 3 ಸೆಕೆಂಡಿನ ಮೇಲೆ ಒಪ್ಪುವವನಲ್ಲ.