ಎಲ್ಲಿ ನೋಯ್ತದೆ, ಬೆರಳಿಟ್ಟು ತೋರ್ಸು

ನಮ್ಮ ಹಾಸನದ ಕಡೆ ಗದ್ದದಿಂದ ಹೊಕ್ಕಳವರೆಗೆ ಎಲ್ಲಿ ನೋವು ಬಂದರೂ ಒಂದೇ ಹೆಸರು: ಗ್ಯಾಸ್ಟ್ರಿಕ್. ಅವ್ವನಿಗೂ ಎರಡು ವರ್ಷ ಅದೇ ಹೆಸರಲ್ಲಿ ಮಾತ್ರೆ ನುಂಗಿಸಿದ್ದೇವೆ.

ಮುದ್ದೆ, ಸೊಪ್ಪಿನ ಸಾರು ಉಂಡ ದಿನ ಏನೂ ಇರುತ್ತಿರಲಿಲ್ಲ. ಹಬ್ಬದ ಬಾಡೂಟವೋ, ಎಣ್ಣೆಯಲ್ಲಿ ಕರಿದದ್ದೋ ತಿಂದ ರಾತ್ರಿ ಬಲಗಡೆ ಪಕ್ಕೆಲುಬಿನ ಕೆಳಗೆ ಅಂಗೈ ಒತ್ತಿಕೊಂಡು ಬಾಗಿಲಿಗೆ ಒರಗಿ ನಿಲ್ಲುತ್ತಿದ್ದಳು. ಬಲಭುಜದ ಹಿಂದಕ್ಕೂ ಎಳೀತದೆ ಅನ್ನುತ್ತಿದ್ದಳು. ನಾವು ಸೋಡಾಕ್ಕೆ ನಿಂಬೆಹಣ್ಣು ಹಿಂಡಿ ಕೊಡೋದು, ಮೆಡಿಕಲ್‌ನಿಂದ ಗ್ಯಾಸಿನ ಮಾತ್ರೆ ತರೋದು. ಯಾರಿಗೆ, ಎಲ್ಲಿ ನೋವು ಅಂತ ಅಂಗಡಿಯವರು ಒಂದು ದಿನವೂ ಕೇಳಲಿಲ್ಲ. ಮನೆಯಲ್ಲಿದ್ದ ನಾನೂ ಕೇಳಲಿಲ್ಲ, ಅದೇ ಹೆಚ್ಚು ನೋವು.

ಕೊನೆಗೆ ಸ್ಕ್ಯಾನಿಂಗ್ ಮಾಡಿಸಿದರೆ ಪಿತ್ತಕೋಶದಲ್ಲಿ ಕಲ್ಲು. ಡಾಕ್ಟರು ಸ್ಕ್ಯಾನಿಂಗ್ ಕವರಿನ ಹಿಂದೆ ಪೆನ್ನಲ್ಲಿ ಚಿತ್ರ ಬರೆದರು. ಬಲಗಡೆ ದೊಡ್ಡ ಲಿವರ್, ಅದರಡಿ ಅಂಟಿಕೊಂಡ ಪುಟ್ಟ ಚೀಲ. ಪಿತ್ತರಸ ತಯಾರಾಗೋದು ಲಿವರ್‌ನಲ್ಲಿ, ಅದನ್ನು ಕೂಡಿಟ್ಟು ಮಂದ ಮಾಡೋದು ಈ ಚೀಲ. ಜಠರದಲ್ಲಿ ಕಡೆದ ಊಟ ಸಣ್ಣ ಕರುಳಿನ ಬಾಯಿಗೆ ಇಳಿದಾಗ ಅದರಲ್ಲಿ ಜಿಡ್ಡಿದ್ದರೆ, ಕರುಳು ರಕ್ತಕ್ಕೊಂದು ಹಾರ್ಮೋನ್ ಬಿಡುತ್ತದೆ. ಆಗ ಚೀಲ ಹಿಂಡಿಕೊಂಡು ಪಿತ್ತರಸವನ್ನು ಕರುಳಿಗೆ ಕಳಿಸುತ್ತದೆ, ಅದು ಜಿಡ್ಡನ್ನು ಸಣ್ಣ ಹನಿಗಳಾಗಿ ಒಡೆಯುತ್ತದೆ. ಹಿಂಡುವಾಗ ಚೀಲದ ಬಾಯಿಗೆ ಕಲ್ಲು ಅಡ್ಡ ಬಂತೋ, ನೋವು. ಬಾಡೂಟದ ರಾತ್ರಿಯೇ ಯಾಕೆ ಅಂತ ಅವತ್ತು ತಿಳಿಯಿತು. ಜಠರದ ಆಸಿಡ್ ತಗ್ಗಿಸುವ ಮಾತ್ರೆ ಆ ಕಲ್ಲನ್ನು ಏನು ಮಾಡೀತು?

ನಮ್ಮ ಮಾತಲ್ಲೇ ಒಂದು ತೊಡಕಿದೆ. ಜಠರವೂ ಹೊಟ್ಟೆಯೇ, ಕರುಳೂ ಹೊಟ್ಟೆಯೇ. ತಲೆ ಸುತ್ತಿದರೆ, ವಾಕರಿಕೆ ಬಂದರೆ ಪಿತ್ತ ಅನ್ನುತ್ತೇವೆ. ಪಿತ್ತಕೋಶವೇ ನೋಯುವಾಗ ಗ್ಯಾಸ್ ಅನ್ನುತ್ತೇವೆ! ಜಠರ ಇರೋದು ಹೊಕ್ಕಳ ಹತ್ತಿರ ಅಲ್ಲ, ಮೇಲೆ ಎಡಗಡೆ ಪಕ್ಕೆಲುಬಿನ ಮರೆಯಲ್ಲಿ. ಹೊಕ್ಕಳ ಸುತ್ತ ಮಡಿಚಿಕೊಂಡಿರೋದು ಸುಮಾರು 6 ಮೀಟರ್ ಉದ್ದದ ಸಣ್ಣ ಕರುಳು, ಊಟದ ಸತ್ವದ ಬಹುಪಾಲು ರಕ್ತ ಸೇರೋದು ಅಲ್ಲಿಯೇ. ಅಪೆಂಡಿಕ್ಸ್ ನೋವು ಹೊಕ್ಕಳ ಹತ್ತಿರ ಶುರುವಾಗಿ ಬಲಗಡೆ ಕೆಳಹೊಟ್ಟೆಗೆ ಜಾರೋದುಂಟು.

ಎದೆಯ ಮಾತಂತೂ ಇನ್ನೂ ಗಂಭೀರ. ಅನ್ನನಾಳ ಹೃದಯದ ಬೆನ್ನಿಗೇ ಇಳಿಯುತ್ತದೆ, ಎರಡರ ನೋವನ್ನೂ ಒಯ್ಯುವ ನರಗಳ ದಾರಿ ಬಹುಮಟ್ಟಿಗೆ ಒಂದೇ. ಎದೆಯುರಿ ಯಾವುದು, ಹೃದಯಾಘಾತ ಯಾವುದು ಅಂತ ಮನೆಯಲ್ಲಿ ಕೂತು ಹೇಳಲಾಗದು. 2025ರಲ್ಲಿ ನಮ್ಮ ಜಿಲ್ಲೆಯ ಹೃದಯಾಘಾತದ ಸುದ್ದಿ ರಾಜ್ಯವನ್ನೇ ಬೆಚ್ಚಿಬೀಳಿಸಿತ್ತು. ಎದೆ ಹಿಡಿದುಕೊಂಡು ಬೆವರುವವರಿಗೆ ಸೋಡಾ ಕುಡಿಸುತ್ತಾ ಕೂರಬೇಡಿ, ದಮ್ಮಯ್ಯ. ಮೊದಲು ಇಸಿಜಿ ಮಾಡಿಸಿ.

ಆಪರೇಷನ್ ಅಂದಾಗ ಅವ್ವನಿಗೆ ಒಂದೇ ಚಿಂತೆ: "ಆ ಚೀಲ ತೆಗೆದುಬುಟ್ರೆ ಮುದ್ದೆ ಅರಗ್ತದಾ ಮಗ?" ಮುದ್ದೆಯ ಪಿಷ್ಟಕ್ಕೂ ಪಿತ್ತಕ್ಕೂ ನಂಟಿಲ್ಲ. ಅದನ್ನು ಅರಗಿಸೋದು ಎಂಜಲು, ಮೇದೋಜೀರಕ ಗ್ರಂಥಿಯ ರಸ. ನಾವು ಮುದ್ದೆ ಅಗಿಯದೆ ನುಂಗುವವರು, ಎಂಜಲಿನ ಪಾಲಿನ ಕೆಲಸವೂ ಆ ಗ್ರಂಥಿಯ ತಲೆಗೇ. ಚೀಲ ಹೋದರೂ ಲಿವರ್ ಪಿತ್ತರಸ ಮಾಡುತ್ತಲೇ ಇರುತ್ತದೆ, ನೇರ ಕರುಳಿಗೆ ಹನಿಯುತ್ತದೆ.

ತಿಂಗಳು ಕಳೆದ ಮೇಲೆ ಹುರುಳಿಕಾಳು ಸಾರಲ್ಲಿ ಒಂದು ಮುದ್ದೆ ಉಂಡಳು. ಮೊನ್ನೆ ಪಕ್ಕದ ಮನೆ ದೊಡ್ಡಮ್ಮ ಗ್ಯಾಸಿನ ಮಾತ್ರೆ ಕೇಳಿಕೊಂಡು ಬಂದರು. ಅವ್ವ ಅವರನ್ನು ಜಗಲಿ ಮೇಲೆ ಕೂರಿಸಿ, "ಎಲ್ಲಿ ನೋಯ್ತದೆ ಅಕ್ಕಾ, ಬೆರಳಿಟ್ಟು ತೋರ್ಸು" ಅಂದಳು.