ಹೊಗೆಸೊಪ್ಪಿಗೆ ಅವಸರ ಆಗದು

“ಬಿಸಿಲಿಗೆ ಹಾಕಿದ್ರೆ ಎರಡೇ ದಿನಕ್ಕೆ ಒಣಗ್ತದಲ್ಲ ಭಾವ, ಎರಡು ತಿಂಗಳು ಯಾಕೆ ನೇತುಹಾಕ್ತೀರಿ?” ಕೊಟ್ಟಿಗೆಯ ಮಾಡಿನ ಕೆಳಗೆ ಬಾಳೆನಾರಿಗೆ ಕಟ್ಟಿದ ಎಲೆಗಳನ್ನು ನೋಡಿದವರೆಲ್ಲ ಕೇಳುವುದು ಇದನ್ನೇ.

ಒಣಗುವುದು ಬೇರೆ, ಹದಕ್ಕೆ ಬರುವುದು ಬೇರೆ. ಅಡಿಕೆಯನ್ನು ಬರೀ ಒಣಗಿಸದೆ ಬೇಯಿಸಿ ಹದಕ್ಕೆ ತರುವ ನಮ್ಮ ಶಿರಸಿ ಕಡೆಯವರಿಗೆ ಇದು ಬೇಗ ಅರ್ಥ ಆಗಬೇಕು, ಅಲ್ವಾ?

ಕೊಯ್ದ ಎಲೆ ತಕ್ಷಣ ಸಾಯುವುದಿಲ್ಲ. ಕೆಲವು ದಿನ ಉಸಿರಾಡುತ್ತಲೇ ಇರುತ್ತದೆ. ಹಸಿರು ಹೋಗಿ ಹಳದಿ ಬರುವುದು ಆಗಲೇ. ಒಳಗಿನ ಪಿಷ್ಟ ಸಕ್ಕರೆಯಾಗುತ್ತದೆ, ಆ ಸಕ್ಕರೆಯೂ ನಿಧಾನಕ್ಕೆ ಖರ್ಚಾಗುತ್ತದೆ. ಹಸಿ ಎಲೆಯನ್ನು ನೇರ ಬಿಸಿಲಿಗೆ ಹಾಕಿದರೆ ಅದು ಬೇಗ ಸತ್ತು ಹಸಿರು ಅಲ್ಲೇ ಉಳಿದುಬಿಡುತ್ತದೆ. ಮೊದಲ ವರ್ಷ ನಾನು ಬಚ್ಚಲ ಒಲೆಯ ಮೇಲೆ ಕಟ್ಟಿದ್ದೆ. ನಾಲ್ಕೇ ದಿನಕ್ಕೆ ಗರಿಗರಿ. ಪೈಪಿಗೆ ತುಂಬಿ ಸೇದಿದರೆ ಹುಲ್ಲು ಸುಟ್ಟ ವಾಸನೆ, ನಾಲಿಗೆಯೆಲ್ಲ ಉರಿ. ಅಷ್ಟೂ ಸೊಪ್ಪನ್ನು ನೀರಲ್ಲಿ ನೆನೆಸಿ ಅಲಸಂದೆಯ ಹೇನಿಗೆ ಹೊಡೆದೆ.

ಹುಣಸೂರು, ಪಿರಿಯಾಪಟ್ಟಣದ ಕಡೆ ಮೇ, ಜೂನ್‌ನಲ್ಲಿ ನಾಟಿ ಮಾಡುತ್ತಾರೆ. ನಮ್ಮ ಮಳೆಗೆ ಅದು ಆಗುವುದಿಲ್ಲ. ನಾನು ಸೆಪ್ಟೆಂಬರಿನಲ್ಲಿ ಸಸಿಮಡಿ ಮಾಡುತ್ತೇನೆ. ಒಂದು ಗ್ರಾಂಗೆ ಸುಮಾರು 10,000 ಬೀಜ, ಹಾಗಾಗಿ ಮರಳಿಗೆ ಬೆರೆಸಿಯೇ ಚೆಲ್ಲಬೇಕು. ಮೇಲೆ ಮಣ್ಣು ಮುಚ್ಚಬಾರದು. ಮೊಗ್ಗು ಕಂಡ ಕೂಡಲೇ ತುದಿ ಮುರಿಯುವುದು, ಎಲೆಯ ಬುಡದಲ್ಲಿ ಬರುವ ಕುಡಿ ಚಿವುಟುವುದು, ಅಡಿಯ ಎಲೆಯಿಂದ ಕೊಯ್ಯುತ್ತಾ ಹೋಗುವುದು. ಅಷ್ಟೇ. ನನ್ನದು ನಾಟಿ ತಳಿ. ಸಿಗರೇಟಿಗೆ ಹೋಗುವ ವರ್ಜೀನಿಯಾ ಬೆಳೆಯುವುದಾದರೆ ತಂಬಾಕು ಮಂಡಳಿಯಲ್ಲಿ ನೋಂದಣಿ ಬೇಕು.

ಇಬ್ಬನಿಯ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಹೇಳಬೇಕು. ಗಿಡದಲ್ಲಿರುವ ಎಲೆ ಒದ್ದೆಯಿದ್ದಾಗ ಮುಟ್ಟಬೇಡಿ. ನಿಕೋಟಿನ್ ನೀರಿಗೆ ಇಳಿದು ಚರ್ಮದೊಳಗೆ ಹೋಗುತ್ತದೆ. ಒಮ್ಮೆ ಬೆಳಿಗ್ಗೆ ಬರಿಗೈಯಲ್ಲಿ ಕೊಯ್ದು ಮಧ್ಯಾಹ್ನದವರೆಗೆ ವಾಂತಿ ಮಾಡಿಕೊಂಡಿದ್ದೇನೆ. ಆದರೆ ಒಣಗಿದ ಎಲೆಗೆ ಅದೇ ಇಬ್ಬನಿ ಬೇಕು. ಬಿಸಿಲೇರಿದ ಮೇಲೆ ಕೈ ಹಾಕಿದರೆ ಪುಡಿಪುಡಿ. ನಸುಕಿನಲ್ಲಿ ತಂಪು ಹೀರಿಕೊಂಡು ಮೆತ್ತಗಾಗಿರುತ್ತದೆ. ಆಗಲೇ ಇಳಿಸಿ, ನಡುನರ ತೆಗೆದು, ಕಟ್ಟು ಕಟ್ಟಿ ಇಡಬೇಕು. ತಿಂಗಳುಗಳು ಕಳೆದಂತೆ ಮೂಗಿಗೆ ಹೊಡೆಯುವ ಘಾಟು ಇಳಿಯುತ್ತದೆ. ತೇವ ಜಾಸ್ತಿಯಾದರೆ ಬೂಷ್ಟು ಬರುತ್ತದೆ, ಮಳೆಗಾಲದಲ್ಲಿ ವಾರಕ್ಕೊಮ್ಮೆ ಬಿಚ್ಚಿ ನೋಡುತ್ತೇನೆ.

ಕೆಲವರು “ಮನೇಲೇ ಬೆಳೆದದ್ದು, ಔಷಧಿ ಹೊಡೆದಿಲ್ಲ, ಆರೋಗ್ಯಕ್ಕೆ ಏನೂ ಆಗಲ್ಲ” ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ನಿಕೋಟಿನ್ ಎಲೆಯದ್ದೇ, ಟಾರು ಸುಟ್ಟ ಹೊಗೆಯದ್ದೇ. ಅಂಗಳದಲ್ಲಿ ಬೆಳೆದ ಮಾತ್ರಕ್ಕೆ ಬಾಯಿ, ಗಂಟಲಿನ ಕ್ಯಾನ್ಸರ್ ದೂರ ಹೋಗುವುದಿಲ್ಲ. ಸೇದದೇ ಇರುವವರು ಇದನ್ನು ಓದಿ ಶುರು ಮಾಡಬೇಡಿ. ನನ್ನ ಮಗನಿಗೂ ಇದನ್ನೇ ಹೇಳಿದ್ದೇನೆ.

ಈ ಸಲದ ಎಲೆ ಚೆನ್ನಾಗಿ ಕಂದುಬಣ್ಣಕ್ಕೆ ತಿರುಗಿದೆ. ಇವತ್ತು ಒಂದರ ನಡುನರ ಬಗ್ಗಿಸಿ ನೋಡಿದೆ. ಬಾಗಿತು, ಪಟ್ಟಂತ ಮುರಿಯಲಿಲ್ಲ. ಅಂದರೆ ನರದೊಳಗೆ ಇನ್ನೂ ತೇವ ಇದೆ. ಇನ್ನೂ ಹದಿನೈದು ದಿನ ಅಲ್ಲೇ ಇರಲಿ.