ಎರಡು ಮನೆಗೆ ಒಂದೇ ಬಾಗಿಲು

ಶಿರಸಿಯ ಮಳೆಗಾಲದಲ್ಲಿ ಜಗುಲಿ ದಾಟದೆಯೇ ದಿನ ಕಳೆಯಬಹುದೆಂದು ನಂಬಿದವನು ನಾನು. ಆ ನಂಬಿಕೆಯನ್ನು ಕಂಪ್ಯೂಟರಿನೊಳಕ್ಕೂ ಒಯ್ದು, ರಿಚರ್ಡ್ ಸ್ಟಾಲ್ಮನ್ 1985ರಲ್ಲಿ ಹೊರತಂದ ಗ್ನೂ ಇಮ್ಯಾಕ್ಸ್ ಎಂಬ, ಬರಹ ತಿದ್ದುವ ಎಡಿಟರಿನಿಂದ ಹೊರಬೀಳದೆ, ಕಂಪ್ಯೂಟರಿಗೆ ಆಜ್ಞೆಗಳನ್ನು ಟೈಪಿಸಿ ಕೊಡುವ ಶೆಲ್ಲಿನ ಕೆಲಸವನ್ನೂ ಅದರೊಳಗೇ ನಡೆಸುತ್ತಿದ್ದೆ.

ಅಲ್ಲಿ ಶೆಲ್ಲಿಗೆ ಹಲವು ದಾರಿಗಳಿವೆ. ‘ಶೆಲ್’ ಎಂಬ ಆಜ್ಞೆ ಕೊಟ್ಟರೆ ಸಿಗುವ ಬಫರಿಗೆ (ಇಮ್ಯಾಕ್ಸಿನೊಳಗಿನ ಬರಹದ ಹಾಳೆಗೆ) ಕರ್ಸರನ್ನು ಪರದೆಯ ತುಂಬ ಓಡಾಡಿಸುವ ಸಂಕೇತಗಳು ತಿಳಿಯುವುದಿಲ್ಲವಾದ್ದರಿಂದ, ಕಡತವನ್ನು ಪುಟಪುಟವಾಗಿ ತೋರಿಸುವ ‘ಲೆಸ್’ನಂತಹ ಸಾಧು ಪ್ರೋಗ್ರಾಮು ಕೂಡ ಈ ಟರ್ಮಿನಲ್ (ಆಜ್ಞೆ ಟೈಪಿಸುವ ಪರದೆ) ಪರಿಪೂರ್ಣವಲ್ಲವೆಂದು ಗೊಣಗುತ್ತದೆ. ‘ಆನ್ಸಿ-ಟರ್ಮ್’ ಹಾಗಲ್ಲ, ಅದು ನಿಜವಾದ ಟರ್ಮಿನಲ್ಲಿನ ವೇಷ ಕಟ್ಟಿ ಬರುತ್ತದೆ. ನಾನು ಮರುಳಾದದ್ದು ಈ ವೇಷಕ್ಕೆ.

ಆಷಾಢದ ಒಂದು ಮಧ್ಯಾಹ್ನ, ಬೆಳಗಿನಿಂದ ನಡೆಸಿದ ಪರೀಕ್ಷೆಗಳ ಫಲಿತಾಂಶವನ್ನೆಲ್ಲ ಮೂರು ಶೆಲ್ ಬಫರುಗಳಲ್ಲಿ ಪೇರಿಸಿಟ್ಟುಕೊಂಡು, ಆನ್ಸಿ-ಟರ್ಮಿನಿಂದ ದೂರದ ಸರ್ವರಿಗೆ ಹೋಗಿ, ಕೋಡಿನ ಬದಲಾವಣೆಗಳನ್ನು ಒಂದು ಸಂದೇಶದೊಡನೆ ದಾಖಲಿಸುವ ‘ಗಿಟ್ ಕಮಿಟ್’ ಆಜ್ಞೆ ಕೊಟ್ಟೆ. ಸಂದೇಶ ಬರೆಯಲೆಂದು ಸರ್ವರು ತೆರೆದದ್ದೂ ಇಮ್ಯಾಕ್ಸನ್ನೇ. ಹಾಗೆ ಹೊಂದಿಸಿಟ್ಟ ಬುದ್ಧಿವಂತನೂ ನಾನೇ. ಬರೆದು, ಉಳಿಸಲು ಕಂಟ್ರೋಲ್-ಎಕ್ಸ್, ಕಂಟ್ರೋಲ್-ಎಸ್ ಒತ್ತಿದರೆ, ಯಾವ ಕಡತಕ್ಕೆ ಉಳಿಸಲಿ ಎಂಬ ಪ್ರಶ್ನೆ ಬಂತು. ಹೆಸರಿರುವ ಕಡತಕ್ಕೆ ಮತ್ತೆ ನಾಮಕರಣವೇಕೆಂದು ಅನುಮಾನ ಬರಬೇಕಿತ್ತು. ಬರಲಿಲ್ಲ. ಆನ್ಸಿ-ಟರ್ಮಿನಲ್ಲಿ ಕಂಟ್ರೋಲ್-ಎಕ್ಸ್ ಒಳಗಿನ ಪ್ರೋಗ್ರಾಮಿಗೆ ನೇರವಾಗಿ ತಲುಪುವುದಿಲ್ಲ, ಅದನ್ನು ಹೊರಗಿನ ಇಮ್ಯಾಕ್ಸ್ ಬಾಗಿಲಲ್ಲೇ ಹಿಡಿದುಕೊಳ್ಳುತ್ತದೆ ಎಂಬುದರ ಸುಳಿವು ಆ ಆಜ್ಞೆಯ ವಿವರಣೆಯಲ್ಲೇ ಇದೆ. ವಿವರಣೆಯನ್ನು ನಾನು ಓದಿದ್ದು ಸಂಜೆಗೆ.

ಪ್ರಶ್ನೆಯನ್ನು ರದ್ದುಮಾಡಿ, ಹೊರಡುವಾಗಲಾದರೂ ಉಳಿಸಲೇ ಎಂದು ಕೇಳೀತೆಂಬ ಭರವಸೆಯಿಂದ ಕಂಟ್ರೋಲ್-ಎಕ್ಸ್, ಕಂಟ್ರೋಲ್-ಸಿ ಒತ್ತಿದೆ. ಪ್ರಕ್ರಿಯೆಗಳು ಇನ್ನೂ ನಡೆಯುತ್ತಿವೆ, ಕೊಂದು ಹೊರಡಲೇ ಎಂದು ಪರದೆಯ ತಳದಲ್ಲಿ ಕೇಳಿತು. ಅದೇ ಹೊತ್ತಿಗೆ ಆಯಿ ಒಳಗಿನಿಂದ, “ತಮಾ, ಊಟಕ್ಕೆ ಬತ್ಯನಾ?” ಎಂದು ಕೂಗಿದಳು. ಬಾಯಲ್ಲಿ ಅವಳಿಗೆ ಹೂಂಗುಟ್ಟುತ್ತ, ಬೆರಳಿನಲ್ಲಿ ಇದಕ್ಕೂ ‘ಯೆಸ್’ ಎಂದು ಪೂರ್ತಿ ಮೂರಕ್ಷರ ಟೈಪಿಸಿ ಎಂಟರ್ ಹೊಡೆದೆ.

ಹೊರಗಿನ ಇಮ್ಯಾಕ್ಸಿನ ಕಿಟಕಿಯೇ ಮಾಯವಾಯಿತು. ಶೆಲ್ ಬಫರುಗಳ ಹಿಂದೆ ಕಡತವಿರುವುದಿಲ್ಲವಾದ್ದರಿಂದ ಅವನ್ನು ಉಳಿಸಲೇ ಎಂದು ಇಮ್ಯಾಕ್ಸ್ ಕೇಳುವುದೂ ಇಲ್ಲ. ಬೆಳಗಿನ ದುಡಿಮೆಯೆಲ್ಲ ಹೊಳೆಯ ಪಾಲಾಯಿತು.

ಊಟ ಮುಗಿಸಿ ಸರ್ವರಿಗೆ ಮತ್ತೆ ಹೋಗಿ ನೋಡಿದರೆ, ಸಂಪರ್ಕ ಕಡಿದಾಗ ಒಳಗಿನ ಇಮ್ಯಾಕ್ಸ್ ಸಾಯುವ ಮುನ್ನ ನನ್ನ ಕಮಿಟ್ ಸಂದೇಶವನ್ನು ತಾನಾಗಿಯೇ ಉಳಿಸಿ, ಕಡತದ ಹೆಸರಿನ ಆಚೀಚೆ ಒಂದೊಂದು ಹ್ಯಾಶ್ ಚಿಹ್ನೆ ನೆಟ್ಟು ಹೋಗಿತ್ತು. ತೆರೆದೆ. ಒಳಗಿದ್ದದ್ದು ಎರಡೇ ಪದ: “ಸಣ್ಣ ತಿದ್ದುಪಡಿ.”